ಹಿತ್ತಾಳೆ ಬಿರಡೆಗೆ ಕುಂಕುಮ

ಅಮೆರಿಕದ ಬ್ಯಾಂಕುಗಳ ಜೊತೆ ನನ್ನ ಕೆಲಸವೂ ಮುಳುಗಿದ ವರ್ಷ, ನಮ್ಮ ಪುಟ್ಟ ಬೋಟನ್ನು ಮಾರಲು ಹೊರಟೆ. ಕೊಳ್ಳುವವರಿಗೆ ಓಡಿಸಿ ತೋರಿಸಬೇಕಲ್ಲ. ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಬೋಟ್ ಯಾರ್ಡಿಗೆ ಹೋಗಿ, ಚಳಿಗಾಲದ ಹೊದಿಕೆ ತೆಗೆದು, ತಳ ಉಜ್ಜಿ ಪೇಂಟ್ ಮಾಡಿದೆ. ನೀರಿಗಿಳಿಸುವಾಗ ಯಾರ್ಡಿನ ಮುದುಕ ಕೇಳಿದ: "ತಳದ ತೂತಿನ ಬಿರಡೆ ಎಲ್ಲಿ? ಅದಿಲ್ಲದಿದ್ದರೆ ಮುಳುಗುತ್ತೆ."

ಚಳಿಗಾಲದಲ್ಲಿ ಒಳಗಿನ ನೀರು ಬಸಿದುಹೋಗಲೆಂದು ನಾನೇ ಅದನ್ನು ಬಿಚ್ಚಿ ಮನೆಗೆ ಒಯ್ದಿದ್ದೆ; ಎಲ್ಲಿಟ್ಟೆನೋ ನೆನಪಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

"ಹಿತ್ತಾಳೆಯದಾ? ದೇವರ ಗೂಡಲ್ಲಿ ನೀವೇ ಇಟ್ಟಿದ್ರಿ. ಏನೋ ಹರಕೆಯದು ಅಂತ ದಿನಾ ಕುಂಕುಮ ಹಚ್ತಿದ್ದೆ!"

ಅವಳೇ ಡ್ರೈವ್ ಮಾಡಿಕೊಂಡು ತಂದುಕೊಟ್ಟಳು. ಮುದುಕ ತಿರುಗಿಸಿ ನೋಡಿ, "ಹಿತ್ತಾಳೆಗೆ ಕೆಂಪು ತುಕ್ಕು! ಇದೇ ಮೊದಲು ನೋಡ್ತಿರೋದು," ಎಂದ.

"ತುಕ್ಕಲ್ಲ, ಪೂಜೆ ಮಾಡಿದ್ದು," ಅಂದೆ.

ಅವನು ಒರೆಸದೆ ಹಾಗೇ ಬಿಗಿ ಮಾಡಿದ. "ಈ ವರ್ಷ ಅದೂ ಇರಲಿ."

ಒಂದು ಹನಿ ನೀರೂ ಒಳಗೆ ಬರಲಿಲ್ಲ. ಮಾರುವುದಕ್ಕೆ ಮಾತ್ರ ಹೆಂಡತಿ ಒಪ್ಪಲಿಲ್ಲ; ಪೂಜೆ ಮಾಡಿದ್ದನ್ನು ಮಾರಬಾರದಂತೆ.