ಒಳಗಿರುವುದು ಕಾಣುವ ಚೀಲ

ಈಚೆಗೆ ಗೋಣಿಕೊಪ್ಪಲಿನಿಂದ ಒಂದು ಹೊಸ ರಗ್ಗು ತಂದೆವು. ಅದು ಬಂದದ್ದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ. ಜಿಪ್ ಎಳೆದದ್ದೇ ತಡ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಅದು ಹೊಸ ಸಾಮಾನಿನ ಖುಷಿಯ ವಾಸನೆ ಇರಬಹುದು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ನನ್ನ ಮುಖ ನೋಡಿ ಗಂಡ, "ಎಂತ, ಬಣ್ಣ ಸರಿ ಇಲ್ವಾ?" ಅಂದರು. ಬಣ್ಣ ಸರಿಯಾಗಿಯೇ ಇತ್ತು, ಪಾಪ.

ನಮ್ಮ ತಿತಿಮತಿಯಲ್ಲಿ ಗಂಡಸಿಗೆ ಬಂದರೆ ಅದು ಸಿಟ್ಟು. ಐವತ್ತು ದಾಟಿದ ಹೆಂಗಸಿಗೆ ಬಂದರೆ ಅದು ಬಿಪಿ. ನಾನು ದನಿ ಏರಿಸಿದಾಗಲೆಲ್ಲ ಯಾರಾದರೂ "ಮಾತ್ರೆ ತಗೊಂಡ್ರಾ ಅಕ್ಕ?" ಎಂದು ಕೇಳುತ್ತಾರೆ. ಬಿಪಿ ನನಗೆ ಇದೆ, ಸುಳ್ಳು ಹೇಳುವುದಿಲ್ಲ. ಮಾತ್ರೆಯನ್ನೂ ನುಂಗುತ್ತೇನೆ. ಆದರೆ ಈಗ ಹೇಳಹೊರಟಿರುವ ಸಿಟ್ಟಿಗೆ ಯಾವ ಡಾಕ್ಟರೂ ಚೀಟಿ ಬರೆಯಲಾರರು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ರವಿಕೆ, ಲಂಗ, ಶಾಲೆಯ ಯೂನಿಫಾರಂ. ಎರಡು ವರ್ಷದ ಹಿಂದೆ ನಮ್ಮೂರಿನ ಅಂಗನವಾಡಿಯ ಪಾರ್ವತಿ ಟೀಚರ್ ಒಂದು ಗೋಣಿಚೀಲ ಎಳೆದುಕೊಂಡು ಬಂದು ಅದನ್ನು ನನ್ನ ಜಗುಲಿಯ ಮೇಲೆ ಸುರಿದರು. ಪೇಟೆಯ ಒಂದು ಮಹಿಳಾ ಸಂಘದವರು ಕೊಟ್ಟ ಆಟಿಕೆಗಳು. ಮರದ ತುಂಡುಗಳು, ಪುಟಾಣಿ ಪಾತ್ರೆ, ಪ್ಲಾಸ್ಟಿಕ್ಕಿನ ಆನೆ, ಹುಲಿ, ಹಸು, ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿದ್ದವು.

"ಅಕ್ಕ, ಇದಕ್ಕೆಲ್ಲ ಬೇರೆ ಬೇರೆ ಚೀಲ ಹೊಲ್ದು ಕೊಡಿ. ಬಾಯಿಗೆ ದಾರ ಇರ್ಲಿ, ಎಳೆದ್ರೆ ಮುಚ್ಚೋ ಹಾಗೆ. ಆದ್ರೆ ಬಟ್ಟೆ ಬೇಡ. ಒಳಗಿರೋದು ಕಾಣ್ಬೇಕು."

"ಕಂಡು ಎಂತ ಆಗ್ಬೇಕು?"

"ನನ್ನ ಮಕ್ಕಳಿಗೆ ಕೇಳೋಕೆ ಭಾಷೆ ಇಲ್ಲ ಅಕ್ಕ. ಕಂಡ್ರೆ ಬೆರಳು ತೋರಿಸ್ತಾವೆ."

ಆ ಮಾತು ನನಗೆ ನಾಟಿತು. ಅಲ್ಲಿಗೆ ಬರುವುದು ಹೆಚ್ಚಾಗಿ ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಗಳ ಮಕ್ಕಳು. ಒಂದು ಮನೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ತಮಿಳು, ಆಚೆ ಉರ್ದು. ಆ ವರ್ಷ ಅಸ್ಸಾಮಿನಿಂದ ಬಂದ ಅಂಜು ಎಂಬವಳ ಮಗಳು ಮಮೋನಿಯೂ ಸೇರಿದ್ದಳು. ನಾಲ್ಕು ದಾಟಿದ ಮಗು. ಅವಳ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬಂದ ಮೊದಲ ವಾರವೆಲ್ಲ ಗೋಡೆಗೆ ಮುಖಮಾಡಿ ಕೂತಿದ್ದಳಂತೆ.

ಒಪ್ಪಿಕೊಂಡದ್ದೇನೋ ಸುಲಭ. ಊಟದ ಮೇಜಿಗೆ ಹಾಸುವ ಪಾರದರ್ಶಕ ಹಾಳೆಯನ್ನು ತಂದೆ. ಹೊಲಿಯಲು ಕೂತಾಗ ತಿಳಿಯಿತು, ಇಷ್ಟು ವರ್ಷ ನಾನು ಕಲಿತ ವಿದ್ಯೆಯೆಲ್ಲ ಬಟ್ಟೆಯದ್ದು ಎಂದು. ಪ್ಲಾಸ್ಟಿಕ್ಕು ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗದು. ಗುಂಡುಪಿನ್ನು ಚುಚ್ಚಿದರೆ ತೂತು ಹಾಗೆಯೇ ಉಳಿಯುತ್ತದೆ. ಹೊಲಿಗೆ ಸಣ್ಣದಾದರೆ ಅಂಚೆಚೀಟಿಯ ಹಾಗೆ ಸಾಲಾಗಿ ಹರಿದು ಬರುತ್ತದೆ. ಪೌಡರ್ ಸವರಿದೆ, ಅಡಿಯಲ್ಲಿ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದೆ. ಮೊದಲನೆಯ ಚೀಲ ಬಲು ಚಂದ ಬಂತು. ಬಾಯಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ, ಅಷ್ಟೆ. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗಾಳಿ ತುಂಬಿಸಿ ಮಾರೋದಾ?" ಎಂದರು.

ಕೊನೆಗೆ ದಾರಿ ಸಿಕ್ಕಿತು. ಬಾಯಿಗೆ ದಪ್ಪ ಹತ್ತಿಬಟ್ಟೆಯ ಪಟ್ಟಿ, ಅದರೊಳಗೆ ದಾರ. ಯಾವ ಮಗುವೂ ಕುತ್ತಿಗೆಗೆ ಸುತ್ತಿಕೊಳ್ಳದ ಹಾಗೆ ದಾರ ಗಿಡ್ಡ. ತಲೆಗೆ ಹಾಕಿಕೊಂಡರೆ ಉಸಿರು ಕಟ್ಟಬಾರದೆಂದು ತಳಕ್ಕೆ ಸೊಳ್ಳೆಪರದೆಯ ಬಲೆ. ಟೀಚರ್ ಮಕ್ಕಳ ಎದೆಯೆತ್ತರಕ್ಕೆ ಕೊಕ್ಕೆ ಹೊಡೆಸಿ ಚೀಲಗಳನ್ನು ಸಾಲಾಗಿ ತೂಗುಹಾಕಿದರು. ಮಮೋನಿ ಗೋಡೆಯಿಂದ ಮುಖ ತಿರುಗಿಸಿದಳು. ನೆಟ್ಟಗೆ ಹೋಗಿ ಪ್ರಾಣಿಗಳ ಚೀಲದ ಮುಂದೆ ನಿಂತು, ಬೆರಳಿಟ್ಟು, "ಹಾತಿ" ಅಂದಳು. ಆಮೇಲೆ ತಾನೇ ಬಾಯಿ ಬಿಡಿಸಿ ಆನೆಯನ್ನು ಹೊರಗೆ ತೆಗೆದಳು. ನಮ್ಮೂರಿಗೆ ಆನೆ ಹೊಸತಲ್ಲ. ತೋಟಕ್ಕೆ ನುಗ್ಗಿದರೆ ಮಕ್ಕಳು ಅಂಗನವಾಡಿಗೂ ಬರುವ ಹಾಗಿಲ್ಲ. ಅಂಥ ಊರಿನ ಮಕ್ಕಳೆಲ್ಲ ಆ ವಾರದಿಂದ ಆನೆಗೆ ಹಾತಿ ಎನ್ನತೊಡಗಿದವು. ನನಗೆ ಬಂದ ಹೆಮ್ಮೆ ಹೇಳತೀರದು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅದು ಸಂಘದವರ ಕಿವಿಗೂ ಬಿತ್ತು. ಅವರು ತಮ್ಮ ಅಧ್ಯಕ್ಷೆಯ ಜೊತೆ ಬ್ಯಾನರ್ ಹಿಡಿದು ಬಂದರು, ಫೋಟೋ ತೆಗೆಸಿಕೊಂಡು ಹೋದರು. ನಾನು ಆ ದಿನ ಮದುವೆಯೊಂದಕ್ಕೆ ಕುಶಾಲನಗರದ ಕಡೆ ತವರಿಗೆ ಹೋಗಿದ್ದೆ. ತಿರುಗಿ ಬಂದು ಅಂಗನವಾಡಿಗೆ ಕಾಲಿಟ್ಟಾಗ ಕೊಕ್ಕೆಗಳು ಖಾಲಿ. ಚೀಲಗಳು ಹೋಗಿ ಮಾಡಿನ ಹತ್ತಿರ, ಬ್ಯಾನರಿನ ಕೆಳಗೆ, ರಿಬ್ಬನ್ ಕಟ್ಟಿಸಿಕೊಂಡು ನೇತಾಡುತ್ತಿದ್ದವು. ಮಕ್ಕಳು ನೆಲದ ಮೇಲೆ ಮುರಿದ ಬಳಪದ ಚೂರುಗಳನ್ನು ಇಟ್ಟುಕೊಂಡು ಕೂತಿದ್ದವು.

"ಎಂತ ಮಾಡೋದು ಅಕ್ಕ," ಎಂದರು ಟೀಚರ್. "ಮಾದರಿ ಅಂಗನವಾಡಿ ಅಂತೆ. ನೋಡೋಕೆ ಜನ ಬರ್ತಾರಂತೆ. ಮಕ್ಕಳು ಮುಟ್ಟಿದ್ರೆ ಕೊಳೆ ಆಗ್ತದೆ, ಮೇಲೇ ಇರ್ಲಿ ಅಂದ್ರು."

ಮಮೋನಿ ಮೇಲೆ ನೋಡಿ ಬೆರಳು ತೋರಿಸಿದಳು. ಯಾರೂ ಏಳದಿದ್ದಾಗ ಇನ್ನೊಮ್ಮೆ ತೋರಿಸಿದಳು. ಆಮೇಲೆ ಕೈ ಇಳಿಸಿದಳು.

ಆಟಿಕೆಗಳು ಗೋಣಿಚೀಲದಲ್ಲೇ ಇದ್ದಿದ್ದರೆ ಆ ಮಕ್ಕಳಿಗೆ ಒಳಗೇನಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಈಗ ದಿನವಿಡೀ ಕಾಣಬೇಕು, ಕಂಡೂ ಮುಟ್ಟಬಾರದು. ಹಸಿದವನ ಎದುರು ಎಲೆ ಹಾಕಿ ಬಡಿಸಿ, ಕೈ ಕಟ್ಟಿಹಾಕಿದ ಹಾಗೆ. ಅದೂ ನಾನು ಕಣ್ಣು ಕೆಡಿಸಿಕೊಂಡು ಹೊಲಿದ ಚೀಲದಲ್ಲಿ!

ಸಂಘದವರು ಅತಿಥಿಗಳನ್ನು ಕರೆತರುತ್ತಾರೆಂದು ತಿಳಿದ ದಿನ ನಾನೂ ಹೋಗಿ ಕೂತೆ. ಸಂಜೆ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಮುಗಿಸಿ ತಾಯಂದಿರು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತು. ಅಧ್ಯಕ್ಷೆ ಅತಿಥಿಗಳಿಗೆ ಚೀಲ ತೋರಿಸುತ್ತಾ, "ನಮ್ಮ ಐಡಿಯಾ," ಎಂದರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ.

"ಮೇಡಂ, ಅದನ್ನ ಕೆಳಗೆ ಇಳಿಸಿ. ಮಕ್ಕಳು ಆಡ್ಲಿ," ಎಂದೆ.

"ಆಡೋಕೆ ಕೊಟ್ರೆ ಒಂದೇ ವಾರಕ್ಕೆ ಹರಿದು ಹಾಕ್ತಾರೆ. ಲೈನ್ ಮಕ್ಕಳಿಗೆ ಒಂದು ವಸ್ತು ಇಟ್ಕೊಳ್ಳೋದು ಗೊತ್ತಾ?"

"ಹರಿದ್ರೆ ಹೊಲಿಯೋಳು ನಾನು. ನಿಮಗೆಂತ ಕಷ್ಟ?"

ಅವರು ನಕ್ಕು, ಅತಿಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಗ ಬಾಗಿಲಲ್ಲಿ ನಿಂತಿದ್ದ ಅಂಜು, ಸೊಂಟಕ್ಕೆ ಕಟ್ಟಿದ ಪಿಕಿಂಗ್ ಚೀಲವನ್ನೂ ಬಿಚ್ಚದೆ, ಒಂದು ಹೆಜ್ಜೆ ಒಳಗಿಟ್ಟು ಮೇಲೆ ಕೈ ತೋರಿಸಿ, "ನೀಚೆ," ಎಂದಳು. ಅವಳ ಹಿಂದಿನಿಂದ ಒಬ್ಬಳು ಮಲಯಾಳದಲ್ಲಿ "ತಾಳೆ" ಎಂದಳು. ಇನ್ನೊಬ್ಬಳು "ಕೀಳೆ ಇರಕ್ಕುಂಗ" ಎಂದಳು. ಯಾರೋ "ಕೆಳಗೆ ಇಳಿಸಿ ಅಮ್ಮಾ" ಎಂದು ಕೂಗಿದರು. ಆ ಕೋಣೆಯಲ್ಲಿ ಎಷ್ಟು ಭಾಷೆಗಳಿದ್ದವೋ ಅಷ್ಟೂ ಭಾಷೆಗಳು ಒಂದೇ ಮಾತು ಹೇಳಿದವು. ನಾನು ಕುರ್ಚಿ ಹತ್ತಿ ರಿಬ್ಬನ್ ಬಿಚ್ಚಿದೆ. ಪಾರ್ವತಿ ಟೀಚರ್ ಕುರ್ಚಿ ಹಿಡಿದುಕೊಂಡರು.

ಇಲ್ಲಿಗೆ ಕತೆ ಮುಗಿದಿದ್ದರೆ ನಿಮಗೂ ಚೆನ್ನ, ನನಗೂ ಚೆನ್ನ. ಮುಂದಿನ ವಾರ ಸಂಘದ ಜೀಪು ಬಂತು. "ಚೀಲ ಅವರದ್ದು, ಆಟಿಕೆ ನಮ್ಮದು," ಎಂದು ಒಂದೊಂದೇ ಚೀಲದ ಬಾಯಿ ಬಿಡಿಸಿ, ಮಕ್ಕಳ ಕಣ್ಣೆದುರೇ ಎಲ್ಲವನ್ನೂ ಪೆಟ್ಟಿಗೆಗೆ ಸುರಿದುಕೊಂಡರು. ಬೇರೆ ಊರಿನ ಶಾಲೆಗೆ ಕೊಡುತ್ತಾರಂತೆ. ಆನೆಯನ್ನು ಮಮೋನಿಯ ಕೈಯಿಂದಲೇ ತೆಗೆದುಕೊಂಡರು. ದೊಡ್ಡವರು, ಓದಿದವರು, ಮೊಮ್ಮಕ್ಕಳಿರುವವರು.

ತಾಯಂದಿರು ಖಾಲಿ ಚೀಲಗಳಿಗೆ ಬಿದಿರಿನ ತುಂಡು, ಜೋಳದ ದಿಂಡು, ತೆಂಗಿನ ಚಿಪ್ಪು ತುಂಬಿದರು. ಅದರ ಫೋಟೋ ಹೇಗೋ ಊರ ವಾಟ್ಸಾಪಿಗೆ ಹೋಯಿತು. "ಇದೇ ನಿಜವಾದ ಆಟಿಕೆ, ಪ್ರಕೃತಿಯೇ ಗುರು" ಎಂದು ಕೈಮುಗಿಯುವ ಚಿತ್ರಗಳ ಮಳೆ. ಅದನ್ನು ಓದಿ ಇನ್ನಷ್ಟು ಉರಿಯಿತು. ಅಷ್ಟು ಒಳ್ಳೆಯದಾದರೆ ನಿಮ್ಮ ಮನೆಯ ಕೂಸುಗಳಿಗೂ ಜೋಳದ ದಿಂಡು ಕೊಡಿ ಎಂದು ಬರೆದೆ. ನನ್ನನ್ನು ಗ್ರೂಪಿನಿಂದ ತೆಗೆದರು. ಗ್ರಾಮಸಭೆಯಲ್ಲಿ ಕೂಗಾಡಿ ಕೂಗಾಡಿದ್ದಕ್ಕೆ ಮರುವರ್ಷ ಒಂದಿಷ್ಟು ಆಟಿಕೆ ಬಂದವು. ಅಷ್ಟರಲ್ಲಿ ಮಮೋನಿ ಅಂಗನವಾಡಿಯ ಹಂತವನ್ನೇ ದಾಟುತ್ತಿದ್ದಳು.

ರಗ್ಗು ತಂದ ಮರುದಿನ ಅಂಜು ಮನೆಗೆ ಬಂದಳು. ಈಗ ಅವಳಿಗೆ ಸಾಕಷ್ಟು ಕನ್ನಡ ಬರುತ್ತದೆ.

"ಅಕ್ಕ, ನನಗೆ ಒಂದು ಬ್ಯಾಗ್ ಬೇಕು. ಮಕ್ಕಳಿಗೆ ಹೊಲಿದ್ರಲ್ಲ, ಹಾಗಿದ್ದು."

"ಮಮೋನಿ ಸಾಮಾನಿಗಾ?"

"ಅಲ್ಲ. ಕಾಗದಕ್ಕೆ." ಸೆರಗಿನ ಗಂಟಿನಿಂದ ಆಧಾರ್ ಕಾರ್ಡು, ಮಗುವಿನ ಜನನಪತ್ರ ತೆಗೆದಳು. ಮಡಿಕೆಯಲ್ಲಿ ಹರಿದು ಹೋಗಿದ್ದವು. "ಸಂತೆ ದಿನ ಬಸ್‌ಸ್ಟ್ಯಾಂಡ್ ಹತ್ರ ನಿಲ್ಲಿಸಿ ಕೇಳ್ತಾರೆ. ಎಲ್ಲಿಯವಳು, ತೋರ್ಸು ಅಂತ. ತೆಗೆದು ತೆಗೆದು ಹರೀತು. ಹೊರಗಿಂದ ಕಾಣ್ಬೇಕು."

"ಯಾರು ಕೇಳೋದು? ಪೊಲೀಸಾ?"

"ಯಾರೋ. ಗೊತ್ತಿಲ್ಲ."

ಹೊಲಿದೆ. ಕುತ್ತಿಗೆಗೆ ಹಾಕಿಕೊಳ್ಳಲು ದಾರ ಉದ್ದ ಬೇಕೆಂದಳು, ಉದ್ದವೇ ಇಟ್ಟೆ. ಹೊಲಿಯುತ್ತಾ ಹೊಲಿಯುತ್ತಾ ಒಂದು ತೀರ್ಮಾನಕ್ಕೆ ಬಂದೆ, ಸಂತೆಯ ದಿನ ಅವಳ ಜೊತೆಯಲ್ಲೇ ಬಸ್ ಹತ್ತಿದೆ.

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನಲ್ಲಿ ಮೂವರು ಗಂಡಸರು ನಿಂತಿದ್ದರು. ಖಾಕಿ ಇಲ್ಲ, ಕೈಯಲ್ಲಿ ಮೊಬೈಲು. ಒಬ್ಬ ಅಂಜುವಿಗೆ "ಏಯ್, ನಿಲ್ಲು," ಎಂದ. ಅವಳು ಅಭ್ಯಾಸವಾದವಳ ಹಾಗೆ ಚೀಲ ಎತ್ತಿ ಹಿಡಿದಳು. "ಹೊರಗೆ ತೆಗಿ," ಎಂದ.

ನಾನು ನಡುವೆ ನಿಂತೆ. "ನನ್ನದೂ ಕೇಳಪ್ಪ."

"ನಿಮ್ಮದು ಯಾಕೆ ಅಕ್ಕ?"

"ನಾನೂ ಇಲ್ಲಿಯವಳಲ್ಲ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ರ ಗದ್ದೆ ಮಾಡಿದವರು. ಕೇಳು."

ಅವನು ಗೆಳೆಯರ ಮುಖ ನೋಡಿದ. "ನೀವು ಗೊತ್ತಲ್ವಾ ಅಕ್ಕ. ನಮ್ಮಮ್ಮನ ಬ್ಲೌಸ್ ಹೊಲಿಯೋದು ನೀವೇ."

"ಇವಳು ನನಗೆ ಗೊತ್ತು," ಎಂದೆ. "ಸಾಕಲ್ಲ?"

ಸುತ್ತಲಿನ ಜನ ತಿರುಗಿ ನೋಡುತ್ತಿದ್ದರು. ಅವನು ಏನೋ ಗೊಣಗಿ ಪಕ್ಕಕ್ಕೆ ಸರಿದ. ಬೈದೇ ಇರಬೇಕು. ಅಂಜು ಚೀಲವನ್ನು ಸ್ವೆಟರಿನೊಳಗೆ ಇಳಿಸಿಕೊಂಡಳು. ನಾವಿಬ್ಬರೂ ಸಂತೆಯ ಒಣಮೀನಿನ ಸಾಲಿನವರೆಗೆ ನಡೆದೆವು. ಅಲ್ಲಿ ಅವಳು ನನ್ನ ಕೈ ಹಿಡಿದು, "ಮುಂದಿನ ಸಂತೆಗೆ ಲೈನಿಂದ ಇನ್ನಿಬ್ಬರು ಬರ್ತಾರೆ ಅಕ್ಕ. ನೀವು ಬರ್ತೀರಾ?" ಎಂದಳು.

ಬರುತ್ತೇನೆ ಎಂದೆ. ನಾಳೆ ಸಂತೆ.