ನಮ್ಮಪ್ಪ ಕಾರ್ಯದರ್ಶಿಯಾಗಿದ್ದ ಎಂಟು ತಿಂಗಳು

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಮಧುಗಿರಿಯ ನಮ್ಮ ಹೈಸ್ಕೂಲಿನ ಪೋಷಕರ ಸಂಘವನ್ನು ಎಂಟು ತಿಂಗಳು ನಡೆಸಿದವಳು ನಾನು. ಆಗ ನನಗೆ ಹದಿನೈದು ವರ್ಷ. ನಾನು ಪೋಷಿಸುತ್ತಿದ್ದದ್ದು ಅಜ್ಜಿ ಮನೆಯ ಒಂದು ಮುದಿ ಬೆಕ್ಕನ್ನು ಮಾತ್ರ. ಅದೂ ಅರ್ಧ ಊಟವನ್ನು ಪಕ್ಕದ ಮನೆಯಲ್ಲಿ ಮಾಡುತ್ತಿತ್ತು.

ಇಡೀ ಹೈಸ್ಕೂಲಿಗೆ ಹೆಣ್ಣುಮಗಳು ನಾನೊಬ್ಬಳೇ. ಹುಡುಗರಿಂದ ದೂರ ಇರಲಿ ಎಂದು ನನ್ನ ಬೆಂಚನ್ನು ಮೇಷ್ಟರ ಮೇಜಿಗೆ ಒತ್ತಿ ಹಾಕಿದ್ದರು. ಎಷ್ಟು ಹತ್ತಿರವೆಂದರೆ, ಅವರು ಸೀನಿದರೆ ನನ್ನ ಪುಸ್ತಕದ ಹಾಳೆ ತಾನಾಗಿಯೇ ತಿರುಗುತ್ತಿತ್ತು. ಒಮ್ಮೆ ಅವರಿಗೆ ನೆಗಡಿಯಾದಾಗ ನಾನು ಮೂರು ಪಾಠ ಮುಂದೆ ಹೋಗಿದ್ದೆ.

ಆದರೆ ಎಷ್ಟು ಮುಂದೆ ಹೋದರೂ ಗೋಡೆಯೊಂದು ಕಾದಿತ್ತು. ನಮ್ಮಲ್ಲಿ ಐದನೇ ಫಾರಂವರೆಗೆ ಮಾತ್ರ. ಹೈಸ್ಕೂಲಿನ ಕೊನೆಯ ವರ್ಷವಾದ ಆರನೆಯದು ಬೇಕಾದರೆ ತುಮಕೂರಿಗೆ ಹೋಗಬೇಕು. ಹುಡುಗರು ಟ್ರಂಕು ಹೊತ್ತು ಹಾಸ್ಟೆಲು ಸೇರುತ್ತಿದ್ದರು. ನನ್ನ ವಿಷಯವನ್ನು ಅಪ್ಪ ಮೊದಲೇ ತೀರ್ಮಾನ ಮಾಡಿದ್ದರು. "ಮಧುಗಿರೀಲಿ ಎಷ್ಟೈತೋ ಅಷ್ಟು ಓದು. ತರ್ವಾತ ಇಂಟಿಕಿ ರಾ" ಎಂದಿದ್ದರು, ಆಮೇಲೆ ಮನೆಗೆ ಬಾ ಎಂದು. ಅಪ್ಪನದು ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರ, ನಾನು ಮಧುಗಿರಿಯ ಅಜ್ಜಿ ಮನೆಯಲ್ಲಿದ್ದು ಓದುತ್ತಿದ್ದೆ. ಆ ಕಡೆಯವರು ಮಾತನ್ನು ಕನ್ನಡದಲ್ಲಿ ಹೊರಡಿಸಿ ತೆಲುಗಿನಲ್ಲಿ ಮನೆ ಸೇರಿಸುತ್ತಾರೆ. ಮನೆ ಸೇರುವುದೆಂದರೆ ನನ್ನ ಲೆಕ್ಕದಲ್ಲಿ ಒಲೆ ಮುಂದೆ ಕೂರುವುದು. ನಾನು ಮಾತ್ರ ಆರನೇ ಫಾರಂನಲ್ಲಿ ಕೂರಬೇಕೆಂದು ಹಟ ಹಿಡಿದಿದ್ದೆ.

ಒಂದು ಬೆಳಿಗ್ಗೆ ಹೆಡ್‌ಮಾಸ್ತರು ಕ್ಲಾಸಿಗೆ ಬಂದು ಹೇಳಿದರು. "ಬೇಸಿಗೆ ರಜಕ್ಕೆ ಮುಂಚೆ ಸ್ಕೂಲುಗಳ ಇನ್ಸ್‌ಪೆಕ್ಟರು ಬರ್ತಾರೆ. ಇಲ್ಲಿ ಪೋಷಕರ ಸಂಘ ಜೀವಂತ ಇದೆ, ನಲವತ್ತು ಜನ ಬಂದು ಕೂತು ಕೇಳ್ತಾರೆ ಅಂದ್ರೆ ಆರನೇ ಫಾರಂ ಇಲ್ಲಿಗೇ ಕೊಡ್ತಾರಂತೆ."

ಸಂಘ ಸತ್ತು ಆಗಲೇ ಎರಡು ವರ್ಷವಾಗಿತ್ತು. ಕೊಂದದ್ದು ಒಂದು ಕುರ್ಚಿ. ಸ್ಕೂಲಿನಲ್ಲಿ ಕೈಯಿರುವ ಕುರ್ಚಿಗಳು ಮೂರು. ಎರಡು ಹೆಡ್‌ಮಾಸ್ತರಿಗೂ ಅಧ್ಯಕ್ಷರಿಗೂ ಹೋದರೆ ಉಳಿಯುವುದು ಒಂದು. ಮಿಕ್ಕವರಿಗೆಲ್ಲ ನೆಲದ ಮೇಲೆ ಜಮಖಾನ. ಸಿರಾದ ಕಂಬಳಿ ವ್ಯಾಪಾರಿ ಸಾಹೇಬರು ಒಮ್ಮೆ ಬೇಗ ಬಂದು ಆ ಮೂರನೇ ಕುರ್ಚಿಯಲ್ಲಿ ಕೂತರು. ತಡವಾಗಿ ಬಂದ ಕೊರಟಗೆರೆಯ ಶಾನುಭೋಗರು, "ಕುರ್ಚಿ ಕಾಲು ನೋಡ್ಕೊಂಡು ಕೂರಕ್ಕೆ ನಾನು ಬಂದಿಲ್ಲ" ಎಂದು ಹೊಸ್ತಿಲಲ್ಲೇ ತಿರುಗಿದರು. ಅವರ ಹಿಂದೆ ಕೊರಟಗೆರೆ ಪೂರ್ತಿ ತಿರುಗಿತು. ಮುಂದಿನ ಸಭೆಯಲ್ಲಿ ಅವರಿಗೇ ಕುರ್ಚಿ ಕೊಟ್ಟರು, ಸಿರಾ ಎದ್ದು ಹೋಯಿತು. ಪಾವಗಡದವರಿಗೆ ಕೋಪಿಸಿಕೊಳ್ಳಲೂ ಪುರುಸೊತ್ತಾಗಲಿಲ್ಲ. ಅವರ ಇದ್ದಲು ಬಸ್ಸು ಬಂದು ನಿಲ್ಲುವಷ್ಟರಲ್ಲಿ ಸಭೆಯೇ ಮುಗಿದಿತ್ತು. ಎರಡನೇ ಮಹಾಯುದ್ಧದ ಆ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಲು ತಿಂದು ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಬಸ್ಸಿನ ಮರ್ಯಾದೆಗೆ. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳುತ್ತಿದ್ದರು. ಕಂಡಕ್ಟರು ಒಳಗೇ ಕೂತು ಹುರಿದುಂಬಿಸುತ್ತಿದ್ದ.

ಹೊಸ ಕಾರ್ಯದರ್ಶಿಯಾಗಲು ಯಾರು ತಯಾರಿದ್ದೀರಿ ಎಂದು ಕೇಳಿ ಹೆಡ್‌ಮಾಸ್ತರು ಎಲ್ಲ ಪೋಷಕರಿಗೂ ಕಾಗದ ಬರೆದರು. ಅಪ್ಪನಿಗೆ ತಲುಪಿಸಲು ಒಂದು ನನ್ನ ಕೈಗೆ ಬಂತು. ಅದನ್ನು ಪಾವಗಡದವರೆಗೆ ಯಾಕೆ ಸುಮ್ಮನೆ ತಳ್ಳಿಸುವುದು ಎಂದುಕೊಂಡು, ನಾನೇ ಉತ್ತರ ಬರೆಯಲು ಕೂತೆ.

"ಏನೇ ಅದು?" ಎಂದಳು ಅಜ್ಜಿ, ಅಕ್ಕಿ ಆರಿಸುತ್ತಾ.

"ಅಪ್ಪನ ಕಾಗದ."

"ನಿಮ್ಮಪ್ಪ ಬರ್ದಿರೋದಾ?"

"ಬರೀತಾ ಇದಾರೆ, ಇನ್ನೂ ಮುಗ್ದಿಲ್ಲ."

ಅಜ್ಜಿ ನನ್ನ ಕೈಯನ್ನೂ ಲೇಖನಿಯನ್ನೂ ನೋಡಿದಳು. "ಅಂಗಾರೆ ಅವ್ನಿಗೆ ಏಳು, ಸಾಯಿ ಚೆಲ್ಬೇಡ ಅಂತ" ಎಂದು ಮತ್ತೆ ಅಕ್ಕಿಗೆ ಬಗ್ಗಿದಳು. ಅಕ್ಷರ ಬಾರದವರಲ್ಲಿ ಅಷ್ಟು ಚೆನ್ನಾಗಿ ಓದಬಲ್ಲವರನ್ನು ನಾನು ಬೇರೆ ಕಂಡಿಲ್ಲ.

ನಾಲ್ಕು ದಿನದಲ್ಲಿ ಅಪ್ಪ ಕಾರ್ಯದರ್ಶಿಯಾದರು. ಬೇರೆ ಯಾರೂ ಉತ್ತರ ಬರೆದಿರಲಿಲ್ಲ. ಆಮೇಲೆ ನಾನು ಅಪ್ಪನಾಗಿ ಬರೆದ ಕಾಗದಗಳು ಒಂದೊಂದೂ ಅರಮನೆಗೆ ಕಳಿಸುವ ಹಾಗಿದ್ದವು. 'ತಮ್ಮ ಪಾದಧೂಳಿಯಿಂದ ಈ ವಿದ್ಯಾಮಂದಿರವನ್ನು ಪುನೀತಗೊಳಿಸತಕ್ಕದ್ದು' ಎಂದು ಸಿರಾಕ್ಕೆ ಬರೆದೆ. ಸ್ಕೂಲು ಗುಡಿಸುವ ಮುದುಕ ಅದನ್ನು ಕೇಳಿ, "ಇರೋ ಧೂಳೇ ಸಾಕು ಕಣಮ್ಮ" ಎಂದ.

ಹೆಡ್‌ಮಾಸ್ತರಿಗೆ ಮಾತ್ರ ಅಪ್ಪನ ಕನ್ನಡ ಹುಚ್ಚು ಹಿಡಿಸಿತ್ತು. "ನಿಮ್ಮ ತಂದೆಯ ಭಾಷೆ ಕಲ್ಲುಸಕ್ಕರೆಯಮ್ಮ. ಕಾಗುಣಿತದ ತಪ್ಪುಗಳು ಮಾತ್ರ ಥೇಟ್ ನಿನ್ನವೇ."

"ರಕ್ತ ಸಾರ್" ಎಂದೆ.

"ಒಂದು ಸಲ ಅವರನ್ನ ನೋಡಬೇಕಲ್ಲ."

ನೋಡಿಸುವುದು ಹೇಗೆ? ಮೊದಲ ತಿಂಗಳು ಅಪ್ಪನ ಕಾಲು ಉಳುಕಿತು. ಎರಡನೇ ತಿಂಗಳು ಎತ್ತಿನ ಕಾಲು ಉಳುಕಿತು. ಮೂರನೇ ತಿಂಗಳು ನಾನು ಬಸ್ಸಿನ ಕಾಲು ಉಳುಕಿಸಿದೆ. ಇವೆಲ್ಲಕ್ಕಿಂತ ದೊಡ್ಡ ಉಳುಕು ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೆ ಕನ್ನಡ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಅವರು ಕಲಿತದ್ದು, ಅಂಗಡಿಯ ಚೀಟಿಯಿಂದ ಹಿಡಿದು ಸಹಿಯವರೆಗೆ ಬರೆಯುವುದು, ಎಲ್ಲ ತೆಲುಗು ಅಕ್ಷರದಲ್ಲೇ.

ಸಂಘಕ್ಕೆ ಮತ್ತೆ ಜೀವ ಬಂದದ್ದು ಒಂದೇ ಕಾಗದದಿಂದ. ಅದನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಹೋಗಿ ಭುಜ ಹಿಡಿದುಕೊಂಡಿತ್ತು. 'ಸಭೆಯಲ್ಲಿ ಕುರ್ಚಿ ಇರುವುದಿಲ್ಲ. ಜಮಖಾನವೂ ಇರುವುದಿಲ್ಲ. ಪ್ರತಿಯೊಬ್ಬ ಪೋಷಕರೂ ಕ್ಲಾಸಿನಲ್ಲಿ ತಮ್ಮ ಮಗು ಕೂರುವ ಜಾಗದಲ್ಲೇ ಕೂರತಕ್ಕದ್ದು.' ಮಗ ಕೂರುವ ಜಾಗ ತನಗೆ ಕೀಳು ಎಂದು ಯಾವ ಅಪ್ಪ ಬಾಯಿಬಿಟ್ಟು ಹೇಳುತ್ತಾನೆ? ಕಾಗದಗಳನ್ನು ಹುಡುಗರೇ ಊರಿಗೆ ಒಯ್ದರು. ಓದು ಬಾರದ ಅಪ್ಪಂದಿರಿಗೆ ಅವರೇ ಓದಿಯೂ ಹೇಳಿದರು. ಬರದಿದ್ದರೆ ತಾಲ್ಲೂಕಿನ ಅಮಲ್ದಾರರು ಮನೆಗೇ ಬರುತ್ತಾರೆಂದು ಒಬ್ಬ ಓದಿದನಂತೆ. ನಾನು ಹಾಗೆ ಬರೆದಿರಲಿಲ್ಲ. ಹೊಳೆದಿದ್ದರೆ ಬರೆಯುತ್ತಿದ್ದೆ.

ಮೊದಲ ಸಭೆಗೆ ಹನ್ನೊಂದು ಜನ ಬಂದರು. ಆ ಹನ್ನೊಂದರಲ್ಲಿ ಸಾಹೇಬರೂ ಇದ್ದರು, ಶಾನುಭೋಗರೂ ಇದ್ದರು. ಅವರಿಬ್ಬರ ಮಕ್ಕಳು ಕೂರುತ್ತಿದ್ದದ್ದು ಒಂದೇ ಡೆಸ್ಕಿನಲ್ಲಿ. ಶಾನುಭೋಗರ ಹೊಟ್ಟೆ ಡೆಸ್ಕಿನ ಆ ಕಡೆಯಿಂದ ಈ ಕಡೆ ಬರಲು ಒಂದು ಪೀರಿಯಡ್ಡು ಹಿಡಿಯಿತು. ಸಾಹೇಬರು ತಾವೇ ಸರಿದು ಜಾಗ ಬಿಟ್ಟರು.

"ನಿಮ್ಮ ಹುಡುಗ ನಮ್ಮೋನ ಲೆಕ್ಕ ನೋಡಿ ಬರೀತಾನಂತೆ" ಎಂದರು ಶಾನುಭೋಗರು, ಮೊದಲ ಮಾತಾಗಿ.

"ಅರೇ, ಅದಕ್ಕೇ ಸ್ವಾಮಿ ಇಬ್ಬರೂ ಫೇಲು" ಎಂದರು ಸಾಹೇಬರು.

ಶಾನುಭೋಗರು ನಕ್ಕಾಗ ಡೆಸ್ಕು ಅವರ ಜೊತೆಯೇ ಎದ್ದಿತು. ಅಲ್ಲಿಂದ ಮುಂದೆ ಸಭೆಯಿಂದ ಸಭೆಗೆ ಜನ ಹೆಚ್ಚಿದರು. ಹೆಡ್‌ಮಾಸ್ತರು ನಡಾವಳಿ ಬರೆಯಲು ನನ್ನನ್ನೇ ಕೂರಿಸಿದರು, ಕಾರ್ಯದರ್ಶಿಗಳು ಬರುವವರೆಗೆ ಎಂದು.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾದಾಗ ನಮ್ಮಲ್ಲಿ ಮೂವತ್ತೇ ಜನ. ನಾನು ಕೊನೆಯ ಕಾಗದ ಬರೆದೆ. 'ಪ್ರತಿಯೊಬ್ಬರೂ ಇದುವರೆಗೆ ಒಮ್ಮೆಯೂ ಬಾರದ ಒಬ್ಬ ಪೋಷಕರನ್ನು ಹೇಗಾದರೂ ಮಾಡಿ ಕರೆತರತಕ್ಕದ್ದು.' ಅದರಲ್ಲಿ ಎಂಥ ಹಳ್ಳ ತೋಡಿದ್ದೇನೆಂದು ಬರೆಯುವಾಗ ಹೊಳೆಯಲಿಲ್ಲ.

ಆ ಮಧ್ಯಾಹ್ನ ಮಧುಗಿರಿ ಬೆಟ್ಟದ ಬಂಡೆಯ ಕಾವು ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಇನ್ಸ್‌ಪೆಕ್ಟರು ನಿಂತುಕೊಂಡೇ ತಲೆ ಎಣಿಸಿದರು. ಬಂದವರೇನೋ ಬೇಕಾದಷ್ಟು ಇದ್ದರು, ಅದರಲ್ಲಿ ಅರ್ಧ ಜನ ಚಿಕ್ಕಪ್ಪ, ಭಾವಮೈದ. ಅವರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿದ ಮೇಲೆ ಉಳಿದದ್ದು ಮೂವತ್ತೆಂಟು.

"ಎರಡು ಕಡಿಮೆ" ಎಂದರು.

"ಪಾವಗಡದ ಬಸ್ಸು ಬಂದಿಲ್ಲ ಸಾರ್" ಎಂದೆ.

"ಅದು ಯಾವಾಗ ಬರುತ್ತೆ?"

"ತಳ್ಳೋರ ಮೇಲೆ ಹೋಗುತ್ತೆ ಸಾರ್."

ಎಲ್ಲರೂ ನಕ್ಕರು, ಅವರು ನಗಲಿಲ್ಲ. ಕಾರ್ಯದರ್ಶಿಯ ನಾಲ್ಕು ಕಾಗದಗಳನ್ನೂ ಆರನೇ ಫಾರಂ ಬೇಡುವ ಅರ್ಜಿಯನ್ನೂ ಮೇಜಿನ ಮೇಲೆ ಹರಡಿಕೊಂಡು ಗಡಿಯಾರ ತೆಗೆದಿಟ್ಟರು. ನನ್ನ ಓದು ಆ ಗಡಿಯಾರದ ಮುಳ್ಳಿನ ಮೇಲೆ ಕೂತು ಸುತ್ತುತ್ತಿತ್ತು. ಅವರು ಗಡಿಯಾರವನ್ನು ಇನ್ನೇನು ಜೇಬಿಗೆ ಹಾಕಬೇಕು, ಹೊರಗೆ ಹೊಗೆಯ ವಾಸನೆ ಬಂತು. ಮೈಯೆಲ್ಲ ಇದ್ದಲ ಮಸಿ ಮಾಡಿಕೊಂಡು, ನಮ್ಮ ಕ್ಲಾಸಿನ ಹುಡುಗನೊಬ್ಬನ ಅಪ್ಪ, ಪಾವಗಡದ ಕಡೆಯ ರೈತ, ಒಳಗೆ ಬಂದ.

"ತಡ ಆಯ್ತು, ಬುಡಿ ಸ್ವಾಮಿ. ಬರ್ದೇ ಇರೋರ್ನ ಕರ್ಕೊಂಡ್ ಬನ್ನಿ ಅಂತ ಬರ್ದಿದ್ರಲ್ಲ. ಒಮ್ಮೆನೂ ಬರ್ದೇ ಇರೋರು ಯಾರಪ್ಪ ಅಂತ ಯೋಚ್ನೆ ಮಾಡಿದ್ರೆ, ಕಾರ್ಯದರ್ಶಿಗಳೇಯ. ಅಂಗಡಿ ಬಾಗ್ಲು ನಾನೇ ಹಾಕ್ಸಿ ಕರ್ಕೊಂಡ್ ಬಂದ್ಬುಟ್ಟೆ."

ಅವನ ಹಿಂದೆ ಅಪ್ಪ ನಿಂತಿದ್ದರು.

"ನಲವತ್ತು" ಎಂದು ಇನ್ಸ್‌ಪೆಕ್ಟರು ಬರೆದುಕೊಂಡರು. ಖಾಲಿಯಿದ್ದದ್ದು ನನ್ನ ಬೆಂಚೊಂದೇ. ಅಪ್ಪ ಕೂರಲಿಲ್ಲ. ಹೆಡ್‌ಮಾಸ್ತರು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡು ಭಾಷೆಯನ್ನು ಹೊಗಳಿದರು. ಕಾಲು, ಎತ್ತು ಎಲ್ಲವನ್ನೂ ವಿಚಾರಿಸಿದರು. ಅಪ್ಪ ತಮ್ಮ ಕಾಲನ್ನು ಒಮ್ಮೆ ಬಗ್ಗಿ ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು.

ಇನ್ಸ್‌ಪೆಕ್ಟರು ಅರ್ಜಿಯನ್ನು ಮುಂದೆ ತಳ್ಳಿದರು. ಅಪ್ಪ ಅದನ್ನು ಯಾರಾದರೂ ಓದಿಹೇಳಲಿ ಎಂದರು. ನಾನೇ ಓದಿದೆ. ಕೇಳಿ ಮುಗಿಸಿ ಸಹಿ ಹಾಕಿದರು. ಕನ್ನಡ, ತೆಲುಗು ಅಕ್ಷರಗಳು ಅಕ್ಕತಂಗಿಯರ ಹಾಗೆ, ದೂರದಿಂದ ನೋಡಿದರೆ ಒಂದೇ ಮುಖ. ಬೇರೆ ಇರುವುದು ತಲೆಕಟ್ಟು. ನಮ್ಮ ಅಕ್ಷರ ಪೇಟ ಸುತ್ತಿಕೊಂಡರೆ, ತೆಲುಗಿನದು ತಲೆಯ ಮೇಲೆ ಗಿಳಿ ಕೂರಿಸಿಕೊಂಡಿರುತ್ತದೆ. ಇನ್ಸ್‌ಪೆಕ್ಟರು ನಾಲ್ಕು ಕಾಗದದ ಪೇಟಗಳನ್ನೂ ಅರ್ಜಿಯ ಮೇಲಿನ ಸಹಿಯ ಗಿಳಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಈ ಕಾಗದಗಳು ನಿಮ್ಮವೇನು?"

"ನಾವಿ ಕಾದು ಸ್ವಾಮಿ. ನಂದಲ್ಲ. ನಮ್ಮಮ್ಮಾಯಿ, ಈ ಹುಡುಗಿ, ಬರ್ದಿರೋವು."

ಹೆಡ್‌ಮಾಸ್ತರ ಮುಖದಲ್ಲಿ ಕಲ್ಲುಸಕ್ಕರೆ ಕರಗಿ ನೀರಾಯಿತು. ಶಾನುಭೋಗರು ಮಾತ್ರ ಕೂತಲ್ಲಿಂದಲೇ, "ಬರ್ದೋರು ಯಾರಾದ್ರೇನು ಸಾರ್, ಬಂದೋರು ನಾವೇ ತಾನೇ?" ಎಂದರು. ಎದ್ದು ಹೇಳಬೇಕೆಂದೇ ಇದ್ದರು, ಡೆಸ್ಕು ಬಿಡಲಿಲ್ಲ.

ಇನ್ಸ್‌ಪೆಕ್ಟರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ನಾನೂ ತಲೆ ತಗ್ಗಿಸಲಿಲ್ಲ. "ಅರ್ಜಿಗೆ ಬೇಕಾಗಿದ್ದು ನಲವತ್ತು ಜನ, ಒಂದು ಸಹಿ. ಎರಡೂ ಇವೆ" ಎಂದು ಅದನ್ನು ಮಡಿಸಿ ಚೀಲಕ್ಕೆ ಹಾಕಿದರು. "ಜೂನ್‌ನಿಂದ ಆರನೇ ಫಾರಂ ಶುರು."

ಗದ್ದಲವೆದ್ದಿತು. ಅದು ಅಡಗುವವರೆಗೆ ಅಪ್ಪ ಕಾದರು. ಆಮೇಲೆ ಮೇಜಿನ ಪಕ್ಕ ಬಂದು ಎಲ್ಲರಿಗೂ ಕೈಮುಗಿದರು.

"ಒಳ್ಳೇದಾಯ್ತು. ನಿಮ್ಮ ಪಿಲ್ಲಲು, ಮಕ್ಳೆಲ್ಲ ಓದ್ಲಿ. ನಮ್ಮಮ್ಮಾಯಿ ಓದಿದ್ದು ಚಾಲು, ಸಾಕು. ನನ್ನೇ ಬರೆದಾಕೋವಷ್ಟು ಕಲ್ತವಳೆ."

"ಅಪ್ಪಾ, ಮಧುಗಿರೀಲಿ ಎಷ್ಟಿದೆಯೋ ಅಷ್ಟು ಅಂದಿದ್ರಿ. ಈಗ ಇನ್ನೊಂದು ವರ್ಷ ಇದೆ" ಎಂದೆ.

"ಅಂದಿದ್ದೆ. ಅದು ನಾನು ಬರೀ ಅಪ್ಪ ಆಗಿದ್ದಾಗ." ಅವರ ದನಿ ಏರಲೇ ಇಲ್ಲ. "ಈಗ ಕಾರ್ಯದರ್ಶಿ ಅಲ್ವಾ, ನೀನೇ ಮಾಡಿದ್ದು. ಹೇಳ್ತಾ ಇದೀನಿ, ಸಭೆ ಮುಗೀತು. ಬಸ್ಸು ನಿಂತೈತೆ, ನಡಿ."

ನಡಾವಳಿ ಪುಸ್ತಕ ಇನ್ನೂ ನನ್ನ ಮುಂದೆಯೇ ಇತ್ತು. ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ಸಾವಕಾಶವಾಗಿ, ಒಂದು ಕಾಗುಣಿತವೂ ತಪ್ಪದಂತೆ ಬರೆದೆ. 'ಸಭೆ ಮುಗಿಯಿತೆಂದು ಕಾರ್ಯದರ್ಶಿಗಳು ತಿಳಿಸಿದರು. ಇದಕ್ಕೆ ಒಬ್ಬರ ವಿರೋಧವಿದೆ.' ಅದರ ಕೆಳಗೆ, ಮೊದಲನೆಯ ಸಲ, ನನ್ನ ಸ್ವಂತ ಹೆಸರು ಹಾಕಿದೆ.