ರಸ್ತೆಗೆ ಹರವಿದ ಮೆಕ್ಕೆಜೋಳ

ಸಂತೇಬೆನ್ನೂರು ರಸ್ತೆಯ ತಿರುವಿನಲ್ಲಿದ್ದ ನಮ್ಮ ಪಕ್ಕದ ಮನೆಯ ಯಜಮಾನರು ಸುಗ್ಗಿ ಬಂತೆಂದರೆ ಅರ್ಧ ಡಾಂಬರು ರಸ್ತೆಗೇ ಮೆಕ್ಕೆಜೋಳ ಹರವಿ ಒಣಗಿಸುತ್ತಿದ್ದರು. ಬೈಕಿನವರು ಅದರ ಮೇಲೆ ಜಾರಿ ಬಿದ್ದರೆ, ಹೆಗಲ ಮೇಲಿನ ಟವೆಲ್ ಕೊಡವಿ ಒಂದೇ ಮಾತು: “ಬೀಳೋರು ಎಲ್ಲಿದ್ರೂ ಬೀಳ್ತಾರೆ ಕಣಪ್ಪ.” ಮೊಣಕೈ ತರಚಿಕೊಂಡು ಎದ್ದು, ಮೊದಲು ಬೈಕಿನ ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಂಡ ನನಗೂ ಅದನ್ನೇ ಹೇಳಿದ್ದರು. ಟವೆಲ್ ಸಮೇತ ಅದನ್ನು ಅಣಕಿಸಿ ನಾನು ಊರನ್ನೆಲ್ಲ ನಗಿಸುತ್ತಿದ್ದೆ.

ಒಂದು ಸಂಜೆ ಅವರೆದುರಿಗೇ ಅಣಕಿಸುತ್ತಿದ್ದಾಗ ತಿರುವಿನಲ್ಲಿ ಅವರ ಮಗಳ ಸ್ಕೂಟಿ ಜೋರಾಗಿ ಬಂತು. ಸ್ಕೂಟಿಯಲ್ಲಿ ಅವಳ ಮುಂದೆ ಮೊಮ್ಮಗು ನಿಂತಿತ್ತು. ಎದುರಿನಿಂದ ಲಾರಿ ಬಂದಿದ್ದರಿಂದ ಅವಳು ಜೋಳದ ಮೇಲೆಯೇ ಸರಿದಳು.

“ಬ್ರೇಕ್ ಹಿಡೀಬ್ಯಾಡವ್ವಾ! ಮಗು ಐತೆ!” ಎನ್ನುತ್ತ ಯಜಮಾನರು ಬರಿಗಾಲಲ್ಲಿ ಓಡಿ, ಟವೆಲ್ಲಿನಿಂದಲೇ ಜೋಳವನ್ನು ಪಕ್ಕಕ್ಕೆ ಬಳಿಯತೊಡಗಿದರು. ಸ್ಕೂಟಿ ಅತ್ತಿತ್ತ ಹೊಯ್ದಾಡಿ, ಅವರ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು. ಲಾರಿ ಪಕ್ಕದಲ್ಲೇ ದಾಟಿಹೋಯಿತು.

“ಬೀಳೋರು ಎಲ್ಲಿದ್ರೂ ಬೀಳ್ತಾರೆ ಅಂತಿದ್ಯಲ್ಲಪ್ಪಾ?” ಮಗಳು ಮಗುವನ್ನು ಕೆಳಗಿಳಿಸುತ್ತ ಕೇಳಿದಳು.

ಅವರು ರೂಢಿಯಂತೆ ಟವೆಲ್ ಕೊಡವಿದರು. ಅದರಿಂದ ಜೋಳ ಉದುರಿತು. ಆಮೇಲೆ ನನ್ನ ಕಡೆ ತಿರುಗಿದರು.

“ಅಣಕಿಸಿದ್ದು ಸಾಕು. ಒಳಗೆ ಪೊರಕೆ ಐತೆ, ತಗಂಡು ಬಾರೋ.”